ತೂಗುಮಂಚ ಇದ್ದ ಮನೆ

ಗದಗಿನಲ್ಲಿ ರವಿಕೆ ಹೊಲಿಯುವ ಚೆನ್ನಕ್ಕ ಮನೆ ಮಾರಲು ಹೊರಟಳು. ಪೇಟೆಯಲ್ಲೊಂದು ಹೊಲಿಗೆ ಅಂಗಡಿ ಇಡುವುದು ಅವಳ ಬಹುದಿನದ ಕನಸು. ಕೊಳ್ಳಲು ಬಂದ ಪರ್ವತಗೌಡರು ಹೊಸ್ತಿಲಲ್ಲೇ ಮೂಗು ಮುರಿದರು.

"ದಕ್ಷಿಣಕ್ಕ ಬಾಗಲಾ? ದೋಷ ಐತಿ. ದೋಷದ ಮನ್ಯಾಗ ಯಾರಿಗೂ ನಿದ್ದಿ ಹತ್ತಂಗಿಲ್ಲ. ಅರ್ಧಾ ರೇಟಿಗೆ ಕೊಡೂದಾದ್ರ ನಾಳೆ ಬಂದು ಒಳಗ ನೋಡತೀನಿ."

"ಊಟಕ್ಕ ಬರ್ರಿ ಗೌಡ್ರ," ಎಂದಳು ಚೆನ್ನಕ್ಕ.

ಮನೆ ಮಾರುವವರು ಗೋಡೆಗೆ ಸುಣ್ಣ ಬಳಿಯುತ್ತಾರೆ. ಇವಳು ಬಳಿಯಲಿಲ್ಲ. ಪಡಸಾಲೆಯ ಸಾಮಾನೆಲ್ಲ ಅಟ್ಟಕ್ಕೇರಿಸಿ ತೂಗುಮಂಚ ಒಂದನ್ನೇ ಉಳಿಸಿದಳು. ಮರುದಿನ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಟ್ಟು, ನೆಲಕ್ಕೆ ನೀರು ಚಿಮುಕಿಸಿ, ಹೋಳಿಗೆ ಮಾಡಲು ಕೂತಳು.

ಮಧ್ಯಾಹ್ನ ಬಂದ ಗೌಡರು ತುಪ್ಪ ಸುರಿದುಕೊಂಡು ನಾಲ್ಕು ಹೋಳಿಗೆ ಉಂಡರು. ಆಮೇಲೆ ದೋಷ ಎಣಿಸಲು ತೂಗುಮಂಚದ ಮೇಲೆ ಕೂತರು.

"ಒಂದನೇದು, ದಕ್ಷಿಣದ ಬಾಗಲಾ…"

ಅದೇ ಬಾಗಿಲಿನಿಂದ ಬೇವಿನ ಹೂವಿನ ಘಮ ಹೊತ್ತು ತಂಗಾಳಿ ಬಂತು. ಸರಪಳಿ ಕಿರ್ ಎಂದಿತು, ಮತ್ತೆ ಕಿರ್ ಎಂದಿತು. ನೆಲದ ಮೇಲಿನ ಬಿಸಿಲೂ ಜೊತೆಗೇ ತೂಗಿದಂತಾಯಿತು. ಎರಡನೇ ದೋಷ ಗೌಡರ ಬಾಯಲ್ಲೇ ಉಳಿಯಿತು.

ಕಣ್ಣು ಬಿಟ್ಟಾಗ ದೀಪ ಹಚ್ಚುವ ಹೊತ್ತು. ಚೆನ್ನಕ್ಕ ಚಹಾ ಹಿಡಿದು ನಿಂತಿದ್ದಳು.

"ದೋಷದ ಮನ್ಯಾಗ ನಿದ್ದಿ ಹತ್ತಂಗಿಲ್ಲ ಅಂದಿದ್ರಿ. ನಾಕು ತಾಸು ಗೊರಕಿ ಹೊಡದ್ರಲ್ರೀ?"

ಗೌಡರು ಸರಪಳಿಯ ಮೇಲೆ ಕೈಯಾಡಿಸಿದರು. ಕನಸಿನಲ್ಲಿ ಅವರ ಅವ್ವ ತೊಟ್ಟಿಲು ತೂಗಿದ್ದಳು.

"ಪೂರಾ ರೇಟು ಕೊಡತೀನಿ," ಎಂದರು ಮೆಲ್ಲಗೆ. "ತೂಗುಮಂಚ ಮಾತ್ರ ಬಿಟ್ಟು ಹೋಗವ್ವಾ."

"ಅದರ ರೇಟು ಬ್ಯಾರೆ ಐತ್ರಿ," ಎಂದಳು ಚೆನ್ನಕ್ಕ.