ಬೋರೇಗೌಡರ ಕರೆಂಟು ಕಾರಿಗೆ ಜವರ ಡ್ರೈವರಾದದ್ದು

ಇದು ನಡೆದದ್ದೋ ಕಟ್ಟಿದ್ದೋ ಅಂತ ಕೇಳಬೇಡಿ. ಕೇಳಿದರೆ ನಡೆದದ್ದೇ ಅನ್ನುತ್ತೇನೆ, ಮೇಲೆ ಇನ್ನೆರಡು ಸೇರಿಸಿ ಹೇಳುತ್ತೇನೆ.

ನಾಗಮಂಗಲದ ಕಡೆ ಒಬ್ಬಳು ಸಣ್ಣಮ್ಮ. ಸಣ್ಣಮ್ಮನಿಗೆ ಒಬ್ಬನೇ ಮಗ, ಜವರ. ಜವರನಿಗೆ ಒಂದೇ ಗುಣ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. 'ಮಳೆ ಬಂದ್ರೆ ಬಟ್ಟೆ ಒಳಗೆ ತಗೋ ಕಣ್ಲಾ' ಅಂದಳು ಅವ್ವ. ಮಳೆ ಬರಲಿಲ್ಲ. ಬಟ್ಟೆ ಮೂರು ವಾರ ಹಗ್ಗದ ಮೇಲೇ ಇತ್ತು. ಆದರೆ ಸ್ಟೀರಿಂಗ್ ಹಿಡಿದನೋ, ನೀರು ತುಂಬಿದ ಚೊಂಬು ಸೀಟಿನ ಮೇಲಿಟ್ಟರೂ ತುಳುಕುತ್ತಿರಲಿಲ್ಲ.

ಸಣ್ಣಮ್ಮ ಬೋರೇಗೌಡರ ಶಾಮಿಯಾನ ಅಂಗಡಿಯಲ್ಲಿ ಮದುವೆ ಪಾತ್ರೆ ಉಜ್ಜುವವಳು. ಆ ಗೌಡರು ಒಂದು ದಿನ ಹೊಸ ಕರೆಂಟು ಕಾರು ತಂದರು. ನೀಲಿ ಬಣ್ಣ, ಏಳು ಸೀಟು. ಹತ್ತಬೇಕಾದರೆ ಪಂಚೆ ಎತ್ತಿ ಕಟ್ಟಬೇಕು, ಅಷ್ಟೆತ್ತರ.

"ಗೌಡ್ರೇ, ನನ್ ಮಗನ್ನೇ ಡ್ರೈವರ್ ಮಾಡ್ಕೊಳಿ" ಅಂತ ಸಣ್ಣಮ್ಮ ಕೈ ಮುಗಿದಳು. "ಐದು ಕಡೆ ಕೆಲಸ ಬಿಡಿಸವ್ರೆ. ಇದೂ ಹೋದ್ರೆ ಅವನನ್ನ ಯಾರೂ ಹತ್ರ ಸೇರಿಸಕಿಲ್ಲ."

"ಆಗ್ಲಿ ಸಣ್ಣಮ್ಮ. ಗಾಡಿ ಇರೋವರ್ಗೂ ಅವನಿರ್ಲಿ" ಅಂದರು ಗೌಡರು.

ಮೊದಲನೇ ದಿನ. ಗೌಡರನ್ನು ಕೂರಿಸಿಕೊಂಡು ಮಂಡ್ಯಕ್ಕೆ ಹೊರಟ. ಅರ್ಧ ದಾರಿ. ಗಾಡಿ ಉಸಿರೇ ಇಲ್ಲದೆ ನಿಂತಿತು! ಮುಂದಿನ ಪರದೆಯಲ್ಲಿ ಒಂದೇ ಸಾಲು: 'ದಯವಿಟ್ಟು ಕಾಯಿರಿ.' ಗೌಡರು ಸ್ವಲ್ಪ ಹೊತ್ತು ಕಾದರು, ಆಮೇಲೆ ಬೈದುಕೊಂಡು ಬಸ್ಸು ಹತ್ತಿದರು. ಜವರ ಕಾದ. ಬಿಸಿಲು ಏರಿತು, ಕಾದ. ಬಿಸಿಲು ಇಳಿಯಿತು, ಕಾದ. ಟ್ರ್ಯಾಕ್ಟರಿನವನು ಬಂದು "ಎಳ್ಕೊಂಡು ಹೋಗ್ಲೇನ್ಲಾ?" ಅಂದ. "ಬ್ಯಾಡ ಕಣಣ್ಣ, ಕಾಯಕ್ ಹೇಳೈತೆ" ಅಂದ ಜವರ.

ಸಂಜೆ ಗೌಡರೇ ಬಂದು ಗಾಡಿ, ಜವರ ಇಬ್ಬರನ್ನೂ ಎಳೆಸಿಕೊಂಡು ಹೋದರು. ಸಣ್ಣಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮುಂಡೇದೆ! ಗಾಡಿ ನಿಂತ್ರೆ ಕೂತ್ಕೋತಾರೇನ್ಲಾ? ಇಳಿದು ತಳ್ಳಬೇಕು!"

"ಆಯ್ತು ಕಣವ್ವ. ಇನ್ಮೇಲೆ ತಳ್ತೀನಿ."

ಎರಡನೇ ಸಲ ಪಾಂಡವಪುರದ ಕಡೆ. ರೈಲ್ವೆ ಗೇಟು ಹಾಕಿತ್ತು, ಗಾಡಿ ನಿಂತಿತು. ನಿಂತಿತಲ್ಲ! ಜವರ ಇಳಿದ, ಹಿಂದೆ ಹೋದ, ಭುಜ ಕೊಟ್ಟ. ಮಾನವಂತ ಗಾಡಿಯಾಗಿದ್ದರೆ ಬ್ರೇಕು ಹಿಡಿದು ನಿಲ್ಲುತ್ತಿತ್ತು. ಇದು ಕಾಗೆ ನೆರಳು ಕಂಡರೆ ಗಕ್ಕನೆ ನಿಲ್ಲುತ್ತದೆ, ನಿಲ್ಲಬೇಕಾದಾಗ ಉರುಳುತ್ತದೆ. ಉರುಳಿತು!

"ಲೋ ಲೋ ಲೋ! ರೈಲು ಕಣೋ! ರೈಲು!" ಅಂತ ಒಳಗೆ ಗೌಡರು.

"ಇನ್ನೊಸಿ ತಳ್ತೀನಿ, ಇರಿ ಗೌಡ್ರೇ!" ಅಂತ ಹಿಂದೆ ಜವರ.

ಗೇಟಿನ ಕಂಬಿ ಬಿಲ್ಲಿನ ಹಾಗೆ ಬಾಗಿತು. ರೈಲು ಗೌಡರ ಮೂಗಿನ ಮುಂದೆಯೇ ಹೋಯಿತು. ಕಿಟಕಿಯಲ್ಲಿ ಕೂತ ಮಕ್ಕಳು ಟಾಟಾ ಮಾಡಿದವಂತೆ, ಗಾಬರಿಯಲ್ಲಿ ಗೌಡರೂ ಮಾಡಿದರಂತೆ.

"ಹಾಳಾದವನೇ!" ಅಂದಳು ಸಣ್ಣಮ್ಮ. "ಮುಂದೆ ಟಿವಿಯಷ್ಟು ದೊಡ್ಡದು ಯಾಕಿಟ್ಟವ್ರೆ? ಅದನ್ನ ನೋಡು! ಅದು ಹೇಳ್ದಂಗೆ ಮಾಡು!"

"ಆಯ್ತು ಕಣವ್ವ. ಅದು ಹೇಳ್ದಂಗೆ ಮಾಡ್ತೀನಿ."

ಮೂರನೇ ಸಲ ಮೈಸೂರಿಗೆ, ಬೀಗರೂಟಕ್ಕೆ. ಗೌಡರು ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು, ಮಟನ್ ಊಟಕ್ಕೆ ಅಂತ. ಊರ ಗಡಿ ದಾಟಿಲ್ಲ, ಪರದೆ 'ಟಿಣ್' ಅಂದಿತು. ಒಂದು ಟೀ ಲೋಟದ ಚಿತ್ರ. ಕೆಳಗೆ: 'ಚಾಲಕರು ದಣಿದಿದ್ದಾರೆ. ವಿಶ್ರಾಂತಿ ಪಡೆಯಿರಿ.' ಜವರ ಗಾಡಿ ನಿಲ್ಲಿಸಿ ಟೀ ಕುಡಿದ. ಎರಡು ಮೈಲಿ ಹೋದರೆ ಮತ್ತೆ ಟಿಣ್, ಮತ್ತೆ ಟೀ. ಮತ್ತೆ ಟಿಣ್, ಮತ್ತೆ ಟೀ.

"ಲೋ ಜವರ, ಇದು ಆರನೇದು ಕಣೋ!"

"ನಂಗೇನೂ ಆಸೆ ಇಲ್ಲ ಗೌಡ್ರೇ. ಗಾಡಿ ಬಿಡ್ತಿಲ್ಲ."

ಹನ್ನೊಂದು ಟೀ ಆಯಿತು. ಛತ್ರ ಮುಟ್ಟುವಾಗ ಎಲೆ ಎತ್ತಿ ನೆಲ ತೊಳೆಯುತ್ತಿದ್ದರು. ಗೌಡರಿಗೆ ಸಿಕ್ಕಿದ್ದು ಒಂದು ಬಾಳೆಹಣ್ಣು.

"ಬೀಗರ ಮನೆ ಮಟನ್ನು ತಪ್ಪಿಸಿದ್ಯಲ್ಲೋ ಪಾಪಿ!" ಅಂತ ಸಣ್ಣಮ್ಮನಿಗೇ ಅಳು ಬಂತು. "ಆ ಗಾಡಿ ಬಾಯಿ ಬಡ್ಕೊಂಡ್ರೆ ಬಡ್ಕೊಳ್ಲಿ! ಅದ್ರೊಳಗಿಂದ ಏನ್ ಸದ್ದು ಬಂದ್ರೂ ಕಿವಿಗೆ ಹಾಕ್ಕೋಬ್ಯಾಡ!"

"ಆಯ್ತು ಕಣವ್ವ. ಹಾಕ್ಕೊಳಕಿಲ್ಲ."

ನಾಲ್ಕನೇ ಸಲ ಅಂಗಡಿ ಮುಂದೆಯೇ. ಜವರ ಗಾಡಿ ನಿಲ್ಲಿಸಿ ಇಳಿದ. ಗೌಡರು ಪಂಚೆ ಸರಿಮಾಡಿಕೊಂಡು ಇನ್ನೇನು ಇಳಿಯಬೇಕು, ನಾಲ್ಕೂ ಬಾಗಿಲು ಟಕ್ ಟಕ್ ಅಂತ ತಾವೇ ಬೀಗ ಹಾಕಿಕೊಂಡವು! ಏಸಿ ನಿಂತಿತು. ಮಧ್ಯಾಹ್ನದ ಬಿಸಿಲು.

"ಜವರಾ! ಬಾಗ್ಲು! ಬಾಗ್ಲು ತೆಗಿಯೋ!" ಗೌಡರು ಗಾಜು ಬಡಿದರು. ಜವರ ಬಾನೆಟ್ಟಿಗೆ ಒರಗಿಕೊಂಡು ಕಡ್ಲೆಕಾಯಿ ಸುಲಿಯುತ್ತಿದ್ದ.

ಎದುರಿನ ಸೈಕಲ್ ಅಂಗಡಿಯವನು ಓಡಿಬಂದ. "ಲೋ, ಒಳಗೆ ಗೌಡ್ರು ಕೂಗ್ತಾವ್ರೆ ಕಣ್ಲಾ!"

"ಕೇಳಿಸ್ತದೆ ಕಣಣ್ಣ. ಕಿವಿಗೆ ಹಾಕ್ಕೋಬ್ಯಾಡ ಅಂದವ್ಳೆ ನಮ್ಮವ್ವ."

ಹತ್ತು ಜನ ಸೇರಿ ಡಿಕ್ಕಿ ಮೀಟಿ, ಕಾಲು ಹಿಡಿದು ಗೌಡರನ್ನು ಈಚೆಗೆ ಎಳೆದರು. ಗೌಡರು ಬೇಯಿಸಿದ ಗೆಣಸಿನ ಹಾಗಾಗಿದ್ದರು. ಒಂದು ಕೊಡ ನೀರು ಸುರಿದ ಮೇಲೆ ಮಾತು ಬಂತು. "ಸಣ್ಣಮ್ಮ, ನಾಳೆ ಷೋರೂಮಿಗೆ ಹೋಗೋದೇ. ಈ ಪೀಡೆ ವಾಪಸ್ ತಗೊಂಡು ಬದಲಿ ಗಾಡಿ ಕೊಟ್ರೆ ನಿನ್ ಮಗನಿಗೆ ಕೆಲಸ. ಕೊಡ್ಲಿಲ್ವೋ, ಗಾಡಿಗೂ ನಮಸ್ಕಾರ, ಅವನಿಗೂ ನಮಸ್ಕಾರ. ನೀನೂ ಬಾ, ಅವನನ್ನ ಹಿಡ್ಕೊಳಕೆ."

ಸಣ್ಣಮ್ಮ ಮಗನ ಕಿವಿ ಹಿಂಡಿದಳು. "ಗಾಜಿನೊಳಗೆ ಮನುಷ್ಯ ಕೈಕಾಲು ಬಡೀತಿದ್ರೆ ಕಡ್ಲೆಕಾಯಿ ತಿಂತಾರೇನ್ಲಾ? ರಾಡು ತಗೊಂಡು ಗಾಜು ಒಡೆದು ಎಳ್ಕೋಬೇಕು!"

"ಆಯ್ತು ಕಣವ್ವ. ಒಡೆದು ಎಳ್ಕೋತೀನಿ."

ಮಾರನೇ ದಿನ ಮೂವರೂ ಷೋರೂಮಿಗೆ ಹೋದರು. ಅವ್ವ ಹೇಳಿದ್ದಲ್ಲವೇ, ಜವರ ಒಂದು ರಾಡೂ ತಗೊಂಡಿದ್ದ. ದಾರಿಯುದ್ದಕ್ಕೂ ಗಾಡಿ ಹೊಸ ಸೊಸೆಯಷ್ಟು ಸಾಧು! ಒಂದು ಟಿಣ್ ಇಲ್ಲ, ಒಂದು ಟಕ್ ಇಲ್ಲ. ಟೈ ಕಟ್ಟಿದ ಮ್ಯಾನೇಜರ್ ವೈರು ಚುಚ್ಚಿ ನೋಡಿ ನಕ್ಕ.

"ಸರ್, ಕಂಪ್ಯೂಟರಲ್ಲಿ ಒಂದು ದೋಷಾನೂ ಇಲ್ಲ. ನನ್ ಕಣ್ಮುಂದೆ ಆದ್ರೆ ಈ ಕ್ಷಣ ಬದಲಿ ಗಾಡಿ. ಇರಿ, ಮೇಲಿನವರಿಗೊಂದು ಮಾತು ಹೇಳ್ತೀನಿ."

ತನ್ನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಫೋನು ಹಿಡಿದ. ಮೇಲಿನವರಿಗೆ ಕಿವಿ ಮಂದವೋ ಏನೋ, ಕೂಗಿದ, ಕೈ ಬೀಸಿದ, ಕಾಲು ಕುಟ್ಟಿದ.

ಜವರ ನೋಡಿದ. ಗಾಜು. ಒಳಗೆ ಮನುಷ್ಯ. ಕೈಕಾಲು ಬಡಿಯುತ್ತಿದ್ದಾನೆ!

ಸಣ್ಣಮ್ಮ ತಿರುಗುವಷ್ಟರಲ್ಲಿ ಛಳ್! ಗಾಜು ಪುಡಿಪುಡಿ. ಜವರ ಮ್ಯಾನೇಜರನ್ನು ಟೈ ಹಿಡಿದು ಈಚೆಗೆಳೆದು ನೆಲದ ಮೇಲೆ ಕೂರಿಸಿದ. "ಹೆದರ್ಬ್ಯಾಡಿ ಸಾ. ಗಾಳಿ ತಗೊಳ್ಳಿ."

"ಅಯ್ಯಯ್ಯೋ!" ಅಂತ ಸಣ್ಣಮ್ಮ ಮಗನ ಬೆನ್ನಿಗೆ ಗುದ್ದಿದಳು. "ಕಂಡೋರ ಗಾಜು ಒಡೀತೀಯೇನ್ಲಾ? ಕಂಡೋರದ್ದಕ್ಕೆ ಕೈ ಹಾಕ್ಬ್ಯಾಡ! ಒಡೀಲೇಬೇಕು ಅಂದ್ರೆ ನಮ್ದನ್ನ ಒಡಿ!"

"ಆಯ್ತು ಕಣವ್ವ. ನಮ್ದನ್ನೇ ಒಡೀತೀನಿ."

ಮ್ಯಾನೇಜರ್ ಎದ್ದ. ಮುಖ ಕೆಂಡ. "ದೋಷ ಇರೋದು ಗಾಡೀಲಲ್ಲ ಸರ್, ನಿಮ್ ಡ್ರೈವರಲ್ಲಿ! ನೋಡಿ, ನಾನೇ ಕೂತು ತೋರಿಸ್ತೀನಿ!" ನೀಲಿ ಗಾಡಿಗೆ ಹತ್ತಿ ದಢ್ ಅಂತ ಬಾಗಿಲು ಹಾಕಿಕೊಂಡ.

ಟಕ್. ಟಕ್. ಟಕ್. ಟಕ್.

ಗೌಡರ ಮುಖ ಹೂವಾಯಿತು. ಮ್ಯಾನೇಜರ್ ಗುಂಡಿ ಒತ್ತಿದ, ಹಿಡಿ ಎಳೆದ, ಬೆವೆತ. ಕಿಟಕಿ ನಾಲ್ಕು ಬೆರಳು ಇಳಿದು ಅಲ್ಲಿಗೇ ನಿಂತಿತು.

"ಬಾಗಿಲು ತೆಗೆಸಿ ಸರ್! ಉಸಿರು ಕಟ್ತಿದೆ!"

"ಕಂಪ್ಯೂಟರ್ ಏನಂತದೆ?" ಅಂದರು ಗೌಡರು, ಮೀಸೆ ತೀಡುತ್ತ.

"ಬದಲಿ ಗಾಡಿ ಕಾಗದ ಕೊಡಿ! ಎಲ್ಲಿ ಸೈನು?"

ಆ ನಾಲ್ಕು ಬೆರಳ ಸಂದಿಯಲ್ಲಿ ಕಾಗದ ಒಳಗೆ ಹೋಯಿತು, ಸೈನಾಗಿ ಆಚೆ ಬಂತು. "ಅಗೋ, ಆ ಬಿಳೀ ಗಾಡಿ ಈ ಕ್ಷಣದಿಂದ ನಿಮ್ದು! ಈ ನೀಲಿ ದರಿದ್ರ ನಮ್ದು! ಈಚೆಗೆ ತೆಗೀರಿ!"

ಪಕ್ಕದಲ್ಲೇ ಬಿಳೀ ಗಾಡಿ. ಬೇರೆ ಮಾಡೆಲ್, ಮೈಮೇಲೊಂದು ಗೀರಿಲ್ಲ. ಸಣ್ಣಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಗನ ಕೆಲಸ ಉಳಿಯಿತು!

"ಜವರಾ!" ಗೌಡರು ಹಿಗ್ಗಿ ಕೂಗಿದರು. "ಒಡಿ ಗಾಜು!"

ಜವರ ರಾಡು ಎತ್ತಿದ. ನೀಲಿ ಗಾಡಿ ನೋಡಿದ, ಬಿಳೀ ಗಾಡಿ ನೋಡಿದ, ಗೌಡರ ಕೈಲಿದ್ದ ಕಾಗದ ನೋಡಿದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬಿಳೀ ಗಾಡಿಯ ಮುಂದಿನ ಗಾಜಿಗೆ ಇಟ್ಟ ನೋಡಿ ಒಂದು, ಛಳಾರ್!

ಗೌಡರು ಕಾಗದದ ಸಮೇತ ಅಲ್ಲೇ ನೆಲಕ್ಕೆ ಕೂತರು.

ಜವರ ಅವ್ವನ ಕಡೆ ತಿರುಗಿ ನಕ್ಕ. "ನಮ್ದನ್ನೇ ಒಡೆದೆ ಕಣವ್ವ. ಅವರದ್ದಕ್ಕೆ ಬೆರಳೂ ತಾಗಿಸಿಲ್ಲ."