ನಡುವಿನ ಸರಳು

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಹೆಂಚಿನ ನಾಲ್ಕು ಕೋಣೆ, ಒಂದು ಅಡುಗೆಮನೆ, ಮರಗೆಲಸಕ್ಕೊಂದು ಚಪ್ಪರ, ಅಷ್ಟೇ.

ಅಲ್ಲಿನ ಗುರು ಮುದ್ದಾಚಾರ್ಯರು ಶಿಷ್ಯರಿಗೆ ಮೊದಲು ಉಳಿ ಹಿಡಿಯುವುದನ್ನು ಕಲಿಸುತ್ತಿದ್ದರು. ಉಳಿದದ್ದೆಲ್ಲ ಆಮೇಲೆ ತಾನಾಗಿಯೇ ಬರುತ್ತದೆ ಎನ್ನುವುದು ಅವರ ನಂಬಿಕೆ. ಕೆಲವರಿಗೆ ಬರುತ್ತಿತ್ತು. ಕೆಲವರಿಗೆ ಉಳಿ ಹಿಡಿಯುವುದೂ ಬರುತ್ತಿರಲಿಲ್ಲ.

ಕೆಂಪಾಚಾರಿಗೆ ಉಳಿ ಚೆನ್ನಾಗಿಯೇ ಬಂದಿತ್ತು. ಎಂಟು ವರ್ಷದಿಂದ ಅಲ್ಲೇ ಇದ್ದ. ಅವನು ಕೂಡಿಸಿದ ಎರಡು ಹಲಗೆಗಳ ನಡುವೆ ಕೂದಲು ತೂರುತ್ತಿರಲಿಲ್ಲ. ಆ ವಿಷಯ ಬೇರೆ ಎಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಆಚೆ ದಡದಿಂದ ಕರೆ ಬಂತು. ಅಲ್ಲಿನ ಪಟೇಲರ ಹಳೆಯ ಮನೆಗೆ ಒಂಬತ್ತು ಕಿಟಕಿ ಬದಲಾಯಿಸಬೇಕಂತೆ.

ಕೆಂಪಾಚಾರಿ ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳೇ, ಆ ಕೆಲಸಕ್ಕೆ ನಾನೊಬ್ಬನೇ ಹೋಗ್ತೀನಿ. ಅಪ್ಪಣೆ ಕೊಡಿ."

"ಮುಗಿಸಿ ವಾಪಸ್ ಬರ್ತೀಯೋ?"

"ಇಲ್ಲ ಗುರುಗಳೇ. ಅಲ್ಲಿಂದ ಮುಂದೆ ನನ್ನ ಕೈ, ನನ್ನ ಕೆಲಸ. ಎಂಟು ವರ್ಷ ಆಯ್ತಲ್ಲ."

ಗುರುಗಳು ಕೈಯಲ್ಲಿದ್ದ ಹಲಗೆಯ ಮೇಲಿನ ಪುಡಿಯನ್ನು ಊದಿದರು.

"ಚೆಲುವಮ್ಮನ ಕೋಣೆ ಕಿಟಕಿಗೆ ಗೆದ್ದಲು ಹಿಡಿದಿದೆ. ಮೊದಲು ಅದನ್ನ ಬದಲಾಯಿಸು. ಆಮೇಲೆ ನೋಡೋಣ."

ಒಂಬತ್ತು ಕಿಟಕಿ ಕೇಳಲು ಹೋದವನಿಗೆ ಒಂದು ಸಿಕ್ಕಿತು. ಕೆಂಪಾಚಾರಿಯ ಮುಖ ಸಪ್ಪಗಾಯಿತು. ಆದರೆ ಒಂದು ಕಿಟಕಿ ಎಷ್ಟು ಹೊತ್ತಿನ ಕೆಲಸ ಎಂದು ಸಮಾಧಾನ ಮಾಡಿಕೊಂಡ.

ಚೆಲುವಮ್ಮ ಆಶ್ರಮಕ್ಕೆ ಮೂವತ್ತು ವರ್ಷ ಅಡುಗೆ ಮಾಡಿ ಹಾಕಿದವಳು. ಮೂರು ವರ್ಷದ ಹಿಂದೆ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಚ ಹಿಡಿದಿದ್ದಳು. ಕತ್ತು ಆ ಕಡೆ ಈ ಕಡೆ ತಿರುಗುತ್ತಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದಿತ್ತು. ಆದರೂ ಅಡುಗೆಮನೆಯ ಯಜಮಾನಿಕೆಯನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಧ್ಯಾಹ್ನ ಹರಿಗೋಲು ದಡ ಮುಟ್ಟಿದ ಕೂಡಲೇ ಮಂಚದ ಮೇಲಿಂದ ಅವಳ ಕೂಗು ಕೇಳುತ್ತಿತ್ತು.

"ರಾಚಪ್ಪಾ! ಎರಡು ಮುದ್ದೆ ಜಾಸ್ತಿ!"

ಈಗ ಅಡುಗೆ ಮಾಡುತ್ತಿದ್ದ ರಾಚಪ್ಪ ಎಸರಿಗೆ ಇನ್ನಷ್ಟು ನೀರು, ಇನ್ನಷ್ಟು ಹಿಟ್ಟು ಸುರಿಯುತ್ತಿದ್ದ. ಹೊಳೆ ದಾಟಿ ಬಂದವರು ಕಾಲು ತೊಳೆದು ಕೂರುವ ಹೊತ್ತಿಗೆ ಅವರ ಪಾಲಿನ ಮುದ್ದೆ ಎಲೆಯ ಮೇಲಿರುತ್ತಿತ್ತು. ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ಹೇಗೆ ನಡೆಯುತ್ತದೆ ಎಂದು ಯಾರೂ ಯೋಚಿಸುತ್ತಿರಲಿಲ್ಲ.

ಕೆಂಪಾಚಾರಿ ಗುರುಗಳ ದೊಡ್ಡ ಪೆಟ್ಟಿಗೆಯ ಮುಂದೆ ಕೂತು ಸಾಮಾನು ಆರಿಸಿದ. ದೊಡ್ಡ ಗರಗಸ, ಸಣ್ಣ ಗರಗಸ, ಮೂರು ಅಳತೆಯ ಉಳಿ, ಕೊಡತಿ, ಬಾಚಿ, ಬೈರಿಗೆ, ಉಜ್ಜುಗೊರಡು, ಮೂಲೆಮಟ್ಟ. ಒಂದೊಂದನ್ನೂ ಒರೆಸಿ ತನ್ನ ಪೆಟ್ಟಿಗೆಗೆ ಹಾಕಿಕೊಂಡ.

ಗುರುಗಳು ಬಗ್ಗಿ ನೋಡಿದರು.

"ಒಂದು ಬಿಟ್ಟಿದ್ದೀಯ."

ಕೆಂಪಾಚಾರಿ ಗರಗಸದ ಹಲ್ಲು ಮಸೆಯುವ ಅರವನ್ನು ಎತ್ತಿ ಹಾಕಿಕೊಂಡ.

"ಇನ್ನೂ ಒಂದು ಬಿಟ್ಟಿದ್ದೀಯ."

ಗೋಡೆಯ ನೇರ ನೋಡುವ ತೂಗುಗುಂಡು ಹಾಕಿಕೊಂಡ. ಗುರುಗಳು ಅದಲ್ಲ ಎಂದು ತಲೆಯಾಡಿಸಿದರು.

"ಪೆಟ್ಟಿಗೇಲಿ ಇನ್ನೇನೂ ಇಲ್ಲ ಗುರುಗಳೇ."

"ಪೆಟ್ಟಿಗೇಲಿ ಇದೆ ಅಂತ ನಾನೆಲ್ಲಿ ಹೇಳಿದೆ?"

ಗುರುಗಳ ಮಾತೇ ಹೀಗೆ ಎಂದುಕೊಂಡು ಕೆಂಪಾಚಾರಿ ಪೆಟ್ಟಿಗೆ ಹೊತ್ತು ನಡೆದ.

ಅದೇ ವಾರ ಹೊಳೆ ತುಂಬಿ ಹರಿಗೋಲು ನಿಂತಿತು. ಯಾರೂ ಬರುವ ಹಾಗಿರಲಿಲ್ಲ. ಕಿಟಕಿ ಕೀಳುವುದಕ್ಕೆ ಅದೇ ಸರಿಯಾದ ಸಮಯವೆಂದು ಚೆಲುವಮ್ಮನನ್ನು ಎತ್ತಿ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿ ಮಲಗಿಸಿದರು. ಅವಳ ಮಂಚ ಭಾರದ್ದು, ಅಲ್ಲೇ ಉಳಿಯಿತು. ಕೆಂಪಾಚಾರಿಗೆ ಅನುಕೂಲವೇ ಆಯಿತು. ತನ್ನ ಸಾಮಾನನ್ನೆಲ್ಲ ಮಂಚದ ಮೇಲೆ ಸಾಲಾಗಿ ಜೋಡಿಸಿದ.

ಹಳೆಯದು ಮರದ ಐದು ಸರಳಿನ ಕಿಟಕಿ. ಐದರಲ್ಲಿ ನಡುವಿನದು ಇರಲಿಲ್ಲ. ಆ ಸರಳು ಕೂರಬೇಕಾದ ತೂತುಗಳಿಗೆ, ಮೇಲೊಂದು ಕೆಳಗೊಂದು, ಮರದ ಬೆಣೆ ಬಡಿದು ನಯವಾಗಿ ಉಜ್ಜಿದ್ದರು.

ಕೆಂಪಾಚಾರಿಗೆ ನಗು ಬಂತು. ಅಷ್ಟರಲ್ಲಿ ಗುರುಗಳು ಒಳಗೆ ಬಂದರು.

"ನೋಡಿ ಗುರುಗಳೇ, ಯಾವನೋ ಮೈಗಳ್ಳ. ಸರಳು ಮುರಿದಿದೆ, ಹೊಸದು ಹಾಕೋದು ಬಿಟ್ಟು ತೂತು ಮುಚ್ಚಿಟ್ಟು ಹೋಗಿದ್ದಾನೆ."

"ಇರಬಹುದು," ಎಂದರು ಗುರುಗಳು.

"ಇಷ್ಟಗಲ ಸಂದು ಬಿಟ್ಟರೆ ಕೋತಿ ನುಗ್ಗಲ್ವಾ? ನಾನು ಐದೂ ಹಾಕ್ತೀನಿ."

ಗುರುಗಳು ಮಂಚದ ಕಡೆ ನೋಡಿದರು.

"ಮಂಚದ ಮೇಲೆ ಜಾಗಾನೇ ಇಲ್ವಲ್ಲ ಕೆಂಪಾ."

"ಸಾಮಾನು ಇಟ್ಟಿದ್ದೀನಿ. ಕೂತ್ಕೋಬೇಕಾ? ತೆಗೀತೀನಿ ಇರಿ."

"ನನಗಲ್ಲ," ಎಂದು ಗುರುಗಳು ಹೊರಟುಹೋದರು.

ನಾಲ್ಕನೆಯ ದಿನ ಕಿಟಕಿ ಕೂತಿತು. ಹಲಸಿನ ಚೌಕಟ್ಟು, ಮೂರು ಬೆರಳು ಅಗಲದ ಐದು ಸರಳು. ಕದ ಮುಚ್ಚಿದರೆ ಗಾಳಿಯ ಸುಳಿವಿಲ್ಲ. ತೆರೆದರೆ ಕಿರ್ ಎನ್ನುವ ಸದ್ದಿಲ್ಲ. ನೋಡಿದವರೆಲ್ಲ ಭೇಷ್ ಎಂದರು. ಚೆಲುವಮ್ಮನನ್ನು ಮತ್ತೆ ಮಂಚಕ್ಕೆ ತಂದು ಮಲಗಿಸಿದರು.

"ಹೆಂಗಿದೆ ಅವ್ವಾ?" ಎಂದ ಕೆಂಪಾಚಾರಿ.

ಅವಳು ಸ್ವಲ್ಪ ಹೊತ್ತು ಕಿಟಕಿಯನ್ನೇ ನೋಡಿದಳು.

"ಬಲು ಚೆನ್ನಾಗಿದೆ ಕಣಪ್ಪ. ನಿನ್ನ ಕೈ ತಣ್ಣಗಿರಲಿ."

ಕೆಂಪಾಚಾರಿ ಆಚೆ ದಡಕ್ಕೆ ಹೊರಡಲು ಬಟ್ಟೆ ಒಗೆದು ಒಣಹಾಕಿದ.

ಮರುದಿನ ನೀರು ಇಳಿದು ಹರಿಗೋಲು ಬಂತು. ನಾಲ್ಕು ಜನ ಇಳಿದರು. ಬೆಳಗಿನಿಂದ ನಡೆದು ಬಂದವರು, ಅವರಲ್ಲೊಬ್ಬ ಮುದುಕ. ಅವರು ಪಂಕ್ತಿಗೆ ಬಂದು ಕೂತಾಗಲೇ ರಾಚಪ್ಪನಿಗೆ ಗೊತ್ತಾಗಿದ್ದು. ಕಟ್ಟಿದ್ದು ಆಶ್ರಮದವರ ಲೆಕ್ಕದ ಮುದ್ದೆ ಮಾತ್ರ. ಗುರುಗಳು ತಮ್ಮ ಎಲೆಯದನ್ನು ಎತ್ತಿ ಮುದುಕನಿಗೆ ಹಾಕಿದರು. ಕೆಂಪಾಚಾರಿಯೂ ಅವನ ಪಕ್ಕದ ಇಬ್ಬರು ಶಿಷ್ಯರೂ ತಮ್ಮದನ್ನು ಕೊಟ್ಟರು. ಕೊಟ್ಟ ನಾಲ್ವರೂ ಬರೀ ಮಜ್ಜಿಗೆ ಕುಡಿದು ಎದ್ದರು.

"ಅವ್ವ ಕೂಗಲೇ ಇಲ್ಲ," ಎಂದ ರಾಚಪ್ಪ.

ಕೆಂಪಾಚಾರಿ ಹೋಗಿ ಕೇಳಿದ.

"ನಿದ್ದೆ ಹತ್ತಿಬಿಟ್ಟಿತ್ತು ಮಗ," ಎಂದಳು ಚೆಲುವಮ್ಮ.

ಅದರ ಮರುದಿನ ಆರು ಜನ ಬಂದರು. ಅವತ್ತೂ ಅವಳ ಕೂಗು ಕೇಳಲಿಲ್ಲ. ಕೆಂಪಾಚಾರಿ ಮತ್ತೆ ಅವಳ ಕೋಣೆಗೆ ಹೋದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇರೋ ಒಂದು ಕಣ್ಣಿಗೂ ಮಂಜು ಕವಿದಂಗಿದೆ ಕಣಪ್ಪ. ಇದೊಂದು ಕೆಲಸ ಉಳಿದಿತ್ತು ನನಗೆ. ಅದೂ ಹೋಯ್ತು. ಇನ್ನು ಯಾತಕ್ಕೆ ಬಿದ್ದಿರಬೇಕೋ."

ಆಶ್ರಮಕ್ಕೆ ಬಂದ ಮೊದಲ ದಿನ ಕೆಂಪಾಚಾರಿಯ ಎಲೆಗೆ ಮುದ್ದೆ ಹಾಕಿ, ನಾಚಿಕೊಳ್ಳಬೇಡ, ಉಣ್ಣು ಎಂದವಳು ಅವಳೇ. ಅವನು ಗುರುಗಳ ಹತ್ತಿರ ಓಡಿದ.

"ಗುರುಗಳೇ, ಅವ್ವನ ಬಲಗಣ್ಣೂ ಹೋಗ್ತಿದೆ. ಡಾಕ್ಟರನ್ನ ಕರೆಸಬೇಕು."

"ನಾಳೆ ಬೆಳಗ್ಗೆ ಅವಳನ್ನ ಎಳೆಬಿಸಿಲಿಗೆ ಜಗಲಿಗೆ ತರ್ತಾರಲ್ಲ, ಆಗ ಅವಳ ಕೋಣೆಗೆ ಬಾ."

ಬೆಳಗ್ಗೆ ಕೆಂಪಾಚಾರಿ ಹೋದ. ಏನಕ್ಕೂ ಇರಲಿ ಎಂದು ಪೆಟ್ಟಿಗೆಯನ್ನೂ ಹೊತ್ತಿದ್ದ. ಗುರುಗಳು ಖಾಲಿ ಮಂಚದ ಪಕ್ಕದಲ್ಲಿ ನಿಂತಿದ್ದರು.

"ಪೆಟ್ಟಿಗೆ ಕೆಳಗಿಡು. ಮಲಗು."

"ಎಲ್ಲಿ?"

"ಇಲ್ಲೇ."

ಅವನು ಸಂಕೋಚಪಡುತ್ತಲೇ ಮಲಗಿದ. ಗುರುಗಳು ಅವನ ತಲೆಗೆ ಚೆಲುವಮ್ಮನ ದಿಂಬು ಕೊಟ್ಟರು. ಅವನ ಎಡಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿದರು.

"ಕತ್ತು ಆಡಿಸಬೇಡ. ಏನು ಕಾಣುತ್ತೆ ಹೇಳು."

"ಕಿಟಕಿ ಕಾಣುತ್ತೆ."

"ಆಚೆಗೆ?"

"ಮಾವಿನ ಮರ. ಹೊಳೆ. ಈ ಕಡೆ ಬಟ್ಟೆ ಒಗೆಯೋ ಕಲ್ಲು."

"ಹರಿಗೋಲಿನಿಂದ ಇಳಿಯೋ ಮೆಟ್ಟಿಲು?"

ಕೆಂಪಾಚಾರಿ ಹುಡುಕಿದ. ಮೆಟ್ಟಿಲು ಇರಬೇಕಾದ ಜಾಗದಲ್ಲಿ ಸರಳು ನಿಂತಿತ್ತು. ಅವನದೇ ಸರಳು. ಒಂದು ಗಂಟಿಲ್ಲದೆ, ಒಂದು ಗೀರಿಲ್ಲದೆ ನೆಟ್ಟಗೆ ನಿಂತಿತ್ತು.

ಗುರುಗಳು ಕೈ ತೆಗೆದ ಮೇಲೂ ಅವನು ಎದ್ದೇಳಲಿಲ್ಲ. ಮುದುಕಿಗೆ ಕಣ್ಣು ಹೋಯಿತೆಂದು ಡಾಕ್ಟರನ್ನು ಕರೆಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಗುರುಗಳೇ, ಹಳೇ ಕಿಟಕಿಯ ಆ ಸರಳು ತೆಗೆದವರು ಯಾರು?"

"ಯಾವನೋ ಮೈಗಳ್ಳ ಅಂತ ನೀನೇ ಅಂದ್ಯಲ್ಲ."

"ನೀವಾ?"

"ಮೂರು ವರ್ಷದ ಹಿಂದೆ. ಅವಳು ಮಂಚ ಹಿಡಿದ ವಾರ."

ಕೆಂಪಾಚಾರಿ ಎದ್ದು ಕೂತ. ಅವನಿಗೆ ಈಗ ಸಿಟ್ಟೂ ಬಂತು.

"ನಾನು ಐದು ಸರಳು ಉಜ್ಜೋದನ್ನ ನೀವು ನೋಡಿದ್ರಿ. ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಹೇಳಿದ್ದರೆ ಈ ಒಂದು ಕಿಟಕಿ ಸರಿಹೋಗ್ತಿತ್ತು. ಆಚೆ ದಡದಲ್ಲಿ ಒಂಬತ್ತಿವೆ."

"ಅವ್ವ ಎರಡು ದಿನ ಅತ್ತಳು ಗುರುಗಳೇ."

ಗುರುಗಳು ದಿಂಬನ್ನು ಸರಿಮಾಡಿ ಇಟ್ಟರು. ಆಮೇಲೆ, "ಅದು ನನ್ನ ತಪ್ಪು. ಅದಕ್ಕೆ ನಾನೇ ಹೋಗಿ ಅವಳ ಹತ್ರ ಬೈಸ್ಕೊಂಡು ಬರ್ತೀನಿ," ಎಂದು ಜಗಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಬೈಗುಳ ಕೇಳಿಸಿತು. ಬೈಗುಳ ಗಟ್ಟಿಯಾಗಿಯೇ ಇತ್ತು.

ಕೆಂಪಾಚಾರಿ ಪೆಟ್ಟಿಗೆಯಿಂದ ಸಣ್ಣ ಗರಗಸವೊಂದನ್ನೇ ಎತ್ತಿಕೊಂಡ. ಕುಯ್ಯುವ ಮೊದಲು ಮತ್ತೊಮ್ಮೆ ಮಲಗಿ ನೋಡಿದ. ನಡುವಿನ ಸರಳನ್ನು ಕುಯ್ದು ತೆಗೆದ. ತೂತುಗಳಿಗೆ ಬೆಣೆ ಬಡಿದು ನಯವಾಗಿ ಉಜ್ಜಿದ. ಮುಂದೆ ಯಾವನಾದರೂ ಬಡಗಿ ಇದನ್ನು ನೋಡಿ ನನ್ನನ್ನೂ ಮೈಗಳ್ಳ ಅನ್ನಬಹುದು ಎನಿಸಿತು. ಅನ್ನಲಿ ಎಂದುಕೊಂಡ.

ಚೆಲುವಮ್ಮನನ್ನು ಒಳಗೆ ತಂದು ಮಲಗಿಸಿದರು. ಬಿಸಿಲು ನೆತ್ತಿಗೆ ಬಂತು. ಕೆಂಪಾಚಾರಿ ಚಪ್ಪರದಲ್ಲಿ ಕೂತು ಉಳಿ ಮಸೆಯುತ್ತಿದ್ದ. ಮಸೆಯುತ್ತಿದ್ದ ಅಂತ ಹೆಸರಿಗೆ, ಜೀವವೆಲ್ಲ ಕಿವಿಯಲ್ಲಿತ್ತು.

"ರಾಚಪ್ಪಾ! ಮೂರು ಜನ! ಒಬ್ಬ ದಢೂತಿ ಇದ್ದಾನೆ, ನಾಲ್ಕು ಮುದ್ದೆ ಕಟ್ಟು!"

ಕೆಂಪಾಚಾರಿಗೆ ಕಣ್ಣು ತುಂಬಿ ಬಂತು. ಉಳಿ ಪಕ್ಕಕ್ಕಿಟ್ಟ.

ಊಟವಾದ ಮೇಲೆ ಅವನು ಪೆಟ್ಟಿಗೆಯನ್ನು ಗುರುಗಳ ಮುಂದೆ ತಂದಿಟ್ಟು ಮುಚ್ಚಳ ತೆರೆದ. ಒಳಗೆ ಮೊದಲಿನ ಸಾಮಾನುಗಳೇ ಇದ್ದವು. ಅಪ್ಪಣೆ ಕೊಡಿ ಎಂದು ಕೇಳಲು ಈ ಸಲ ಅವನಿಗೆ ಬಾಯಿ ಬರಲಿಲ್ಲ.

ಗುರುಗಳು ಬಗ್ಗಿ ನೋಡಿದರು.

"ಏನು ಬಿಟ್ಟಿದ್ದೀಯ?"

"ಗೊತ್ತಿಲ್ಲ ಗುರುಗಳೇ. ಆ ಮನೇಲಿ ಯಾರು ಎಲ್ಲಿ ಕೂರ್ತಾರೆ, ಎಲ್ಲಿ ಮಲಗ್ತಾರೆ ಅಂತ ಮೊದಲು ನೋಡಬೇಕು. ಅಲ್ಲೆಲ್ಲ ನಾನೂ ಒಂದೊಂದು ಸಲ ಕೂತು, ಮಲಗಿ ಎದ್ದ ಮೇಲೆ ಪೆಟ್ಟಿಗೆ ತೆಗೀತೀನಿ."

ಗುರುಗಳು ಪೆಟ್ಟಿಗೆಯ ಮುಚ್ಚಳವನ್ನು ತಾವೇ ಮುಚ್ಚಿದರು. ಅವನಿಗೆ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಹೊಸ ಕಿಟಕಿಯ ಕಡೆ ತಿರುಗಿ ದನಿ ಎತ್ತಿದರು.

"ಚೆಲುವಮ್ಮಾ, ನಾಳೆಯಿಂದ ಒಂದು ಮುದ್ದೆ ಕಮ್ಮಿ ಕಟ್ಟೋಕೆ ಹೇಳು."