ಕಾಶವ್ವನ ನಿದ್ದೆ ಮತ್ತು ಮೂರು ಕಿಟಲಿ

ಹೂಂಗುಟ್ಟುವವರು ಹೂಂಗುಟ್ಟಿ, ಕಣ್ಣು ಎಳೆಯುತ್ತಿರುವವರು ಹಾಗೇ ಒರಗಿಕೊಳ್ಳಿ. ಇದು ನಿದ್ದೆಯದೇ ಕತೆ, ನೀವು ಮಲಗಿದರೆ ನನಗೇನೂ ಬೇಸರವಿಲ್ಲ.

ನೇಕಾರರ ಓಣಿಯಲ್ಲಿ ಕಾಶವ್ವ ಅಂತ ಒಬ್ಬಳಿದ್ದಳು. ಅವಳಿಗೆ ಮಳಿಯಪ್ಪ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೈದು, ಮೈ ಎತ್ತಿನದು, ಮನಸ್ಸು ಹಾಲಿನದು. ದೇವರು ಬುದ್ಧಿ ಹಂಚುವ ಹೊತ್ತಿಗೆ ಮಾತ್ರ ಇವನು ಎಲ್ಲೋ ಗಾಳಿಪಟ ನೋಡುತ್ತ ನಿಂತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ. ಪಾಪ, ಅದೇ ಅವನ ತಪ್ಪು.

ಕಾಶವ್ವ ಓಣಿಗೆಲ್ಲ ಚಾ ಮಾಡಿಕೊಡುತ್ತಿದ್ದಳು. ಮೂರು ಕಿಟಲಿ, ಮೂರು ಬಗೆ. ಕೆಂಪು ಅರಿವೆ ಸುತ್ತಿದ ಕಿಟಲಿಯಲ್ಲಿ ಶುಂಠಿ ಜಜ್ಜಿ ಹಾಕಿದ ಖಡಕ್ ಚಾ. ಒಂದು ಲೋಟ ಕುಡಿದರೆ ಕೈ ತಾನಾಗಿ ಲಾಳಿ ಎಸೆಯುತ್ತಿತ್ತು. ಹಸಿರು ಅರಿವೆಯದರಲ್ಲಿ ಮಜ್ಜಿಗೆ ಹುಲ್ಲಿನ ಚಾ, ಸಿಟ್ಟು ಗಾಬರಿ ಇಳಿಸುವಂಥದು. ಬಿಳಿ ಅರಿವೆಯದರಲ್ಲಿ ಗಸಗಸೆ, ಜಾಜಿಕಾಯಿ ಹಾಕಿ ಕುದಿಸಿದ ಹಾಲು. ಅದಕ್ಕೆ ಚಾಪುಡಿಯನ್ನೇ ಹಾಕುವಂತಿಲ್ಲ, ಆದರೂ ಓಣಿಯವರು ಅದನ್ನು ನಿದ್ದಿ ಚಾ ಅನ್ನುತ್ತಿದ್ದರು.

ಹೀಗೆ ಓಣಿಗೆಲ್ಲ ನಿದ್ದೆ ಹಂಚುವ ಕಾಶವ್ವನಿಗೇ ನಿದ್ದೆ ಇರಲಿಲ್ಲ. ಗಂಡ ತೀರಿಕೊಂಡು, ಅವನು ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ ಕುಣಿಮಗ್ಗ ನಿಂತು ಒಂದು ವರ್ಷವಾಗಿತ್ತು. ಅಂದಿನಿಂದ ರಾತ್ರಿಯೆಲ್ಲ ಜಂತಿ ಎಣಿಸುವುದೇ ಕೆಲಸ. ನಿದ್ದಿ ಚಾ ತಂಬಿಗೆಗಟ್ಟಲೆ ಕುಡಿದರೂ ರೆಪ್ಪೆಗೆ ರೆಪ್ಪೆ ಕೂಡುತ್ತಿರಲಿಲ್ಲ. ಕಡೆಗೊಂದು ದಿನ ಒಲೆಯ ಮುಂದೆಯೇ ಕುಸಿದು ಬಿದ್ದಳು.

ಡಾಕ್ಟರು ಬಂದು ನೋಡಿ, "ಕಾಶವ್ವ, ಈ ವಾರದಾಗ ನೀ ಕಣ್ತುಂಬ ನಿದ್ದಿ ಮಾಡಬೇಕು. ಇಲ್ಲಂದ್ರ ದವಾಖಾನಿಗೆ ಸೇರಸ್ತೀನಿ" ಅಂದರು.

"ನಾ ಅಲ್ಲಿ ಹೋಗಿ ಮಲಗಿದ್ರ ಇವನ ಗತಿ ಏನ್ರಿ?"

ಮಳಿಯಪ್ಪ ಬಾಗಿಲಲ್ಲಿ ನಿಂತು ಡಾಕ್ಟರ ಟೊಪ್ಪಿಗೆ ನೋಡಿ ನಗುತ್ತಿದ್ದ. ಅದಕ್ಕೆ ಡಾಕ್ಟರ ಹತ್ತಿರ ಮದ್ದಿರಲಿಲ್ಲ.

ಮರುದಿನದಿಂದ ಅವ್ವ ಚಾ ಕುದಿಸುವುದು, ಮಗ ಹಂಚುವುದು ಅಂತ ಆಯಿತು. "ನೋಡಪ," ಅಂದಳು ಕಾಶವ್ವ, "ಯಾರು ತೂಕಡಸ್ತಾರೋ ಅವರಿಗೆ ಕೆಂಪು ಕಿಟಲೀದು ಕೊಡು. ನೆನಪಿರ್ತದ?"

"ಇರ್ತದವ್ವ."

ತೂಕಡಿಸೋರಿಗೆ ಕೆಂಪು, ತೂಕಡಿಸೋರಿಗೆ ಕೆಂಪು ಅನ್ನುತ್ತ ಹೊರಟ. ಓಣಿಯೆಲ್ಲ ಸುತ್ತಿದರೂ ಎಲ್ಲರೂ ಎಚ್ಚರವಾಗಿ ನೇಯುತ್ತಿದ್ದರು. ಈರಮ್ಮಜ್ಜಿಯ ಮನೆಯಲ್ಲಿ ಮಾತ್ರ ಅವಳ ಗಂಡ, ನಾಲ್ಕು ದಿನ ಕೆಮ್ಮಿ ಕೆಮ್ಮಿ ಸುಸ್ತಾದ ಮುದುಕ, ಆಗಷ್ಟೇ ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಮಳಿಯಪ್ಪ ಅವನ ಹೆಗಲು ಹಿಡಿದು ಅಲುಗಾಡಿಸಿದ. "ಅಜ್ಜಾ, ತೂಕಡಸಾಕತ್ತಿ. ಏಳು, ಚಾ ಕುಡಿ." ಒಂದಲ್ಲ, ಎರಡು ಲೋಟ ಕುಡಿಸಿದ.

ಮರುದಿನ ಬೆಳಿಗ್ಗೆ ಈರಮ್ಮಜ್ಜಿ ಬಂದಳು. "ಕಾಶವ್ವ, ನಿನ್ನ ಮಗ ನನ್ನ ಕೊಂದ. ಮುದುಕ ಕಣ್ಣ ಮುಚ್ಚಿಲ್ಲ. ಮದುವ್ಯಾಗ ನಮ್ಮವರು ಹೋಳಿಗಿಗೆ ತುಪ್ಪ ಕಡಿಮಿ ಹಾಕಿದ್ದರಿಂದ ಹಿಡದು ಎಲ್ಲಾ ಹೇಳಿದ."

"ನೀನ ಹೇಳಿದ್ಯಲ್ಲವ್ವ," ಅಂದ ಮಳಿಯಪ್ಪ.

"ಅಯ್ಯ ನನ್ನ ಬಂಗಾರದಂಥ ಪೆದ್ದ. ಕೆಲಸದಾಗ ತೂಕಡಿಸೋರಿಗೆ ಅಂದೆ. ಮಲಗಿದವರು ಕಂಡ್ರ ಬಿಳಿ ಕಿಟಲೀದು ಕೊಡಬೇಕು, ತಿಳೀತಿಲ್ಲೋ?"

"ತಿಳೀತವ್ವ."

ಮಲಗಿದವರಿಗೆ ಬಿಳಿ, ಮಲಗಿದವರಿಗೆ ಬಿಳಿ. ವಿರೂಪಣ್ಣನ ಮನೆಯಲ್ಲಿ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹರಿದಿದ್ದವು. ಮದುವಣಗಿತ್ತಿಯ ಸೀರೆ, ಎರಡೇ ಗೇಣು ಬಾಕಿ, ಸಂಜೆಗೆ ಬೀಗರು ಒಯ್ಯಲು ಬರುವವರು. ವಿರೂಪಣ್ಣ ಮಗ್ಗದ ಕೆಳಗೆ ಮಲಗಿ ಒಂದೊಂದೇ ಎಳೆ ಗಂಟು ಹಾಕುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಎರಡು ಪಾದ. ಮಳಿಯಪ್ಪ ಬಗ್ಗಿ, "ವಿರೂಪಣ್ಣ, ಮಲಗೀಯಲ್ಲ, ತಗೋ" ಅಂದ. ವಿರೂಪಣ್ಣ ಎಳೆಯಿಂದ ಕಣ್ಣು ತೆಗೆಯದೆ ಲೋಟ ಈಸಿಕೊಂಡು ಕುಡಿದ. ಸಂಜೆ ಬೀಗರು ಬಂದಾಗ ಅವನ ಗೊರಕೆಗೆ ಹಾಸು ನಡುಗುತ್ತಿತ್ತು.

"ನೀನ ಹೇಳಿದ್ಯಲ್ಲವ್ವ," ಅಂದ ಮನೆಗೆ ಬಂದ ಮಳಿಯಪ್ಪ.

"ಅಯ್ಯ ನನ್ನ ಬಂಗಾರದಂಥ ಪೆದ್ದ. ಕಾಲು ನೋಡಿ ಚಾ ಕೊಡ್ತಾರೇನೋ? ಮಾರಿ ನೋಡಬೇಕು. ಮಾರಿ ಬಿಗದಿದ್ರ ಹಸರು ಕಿಟಲಿ."

ಮಾರಿ ಬಿಗದಿದ್ರ ಹಸರು, ಮಾರಿ ಬಿಗದಿದ್ರ ಹಸರು. ಗರಡಿಮನೆಯ ಹತ್ತಿರ ಬಂದ. ಅಂದು ಪಕ್ಕದೂರಿನವರ ಜತೆ ಕುಸ್ತಿ. ಪೈಲ್ವಾನ ದಾದಾಪೀರ ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ತೊಡೆ ತಟ್ಟುತ್ತ ನಿಂತಿದ್ದ. ಅಷ್ಟು ಬಿಗಿದ ಮುಖವನ್ನು ಮಳಿಯಪ್ಪ ಎಂದೂ ಕಂಡಿರಲಿಲ್ಲ. ಕಿಟಲಿ ಪೂರ್ತಿ ಕುಡಿಸಿದ. ದಾದಾಪೀರ ಕೆಮ್ಮಣ್ಣಿನ ಅಖಾಡಕ್ಕೆ ಇಳಿದ, ಎದುರಾಳಿಯ ಹೆಗಲ ಮೇಲೆ ಕೈಯಿಟ್ಟ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ. "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಅಂತ ಕೇಳಿದ. ಗರಡಿಯ ಗುರು ವಸ್ತಾದಿ ತನ್ನ ತಲೆಯ ಪಟಗ ಬಿಚ್ಚಿ ನೆಲಕ್ಕೆ ಒಗೆದ.

ಅಂದು ಕಾಶವ್ವ ಬೈಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಾ ಇಲ್ಲದ ದಿನ ನಿನ್ನ ಯಾರು ನೋಡ್ತಾರೋ, ಮಳಿಯಾ?"

ಮಳಿಯಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅವ್ವ, ನಿನಗ ಯಾವ ಕಿಟಲೀದು ಕೊಡ್ಲಿ?"

"ನನಗ ಯಾವುದೂ ನಾಟೂದಿಲ್ಲಪ. ನಾಳೆ ಮಧ್ಯಾಹ್ನ ಒಂದು ತಾಸು ಅಡ್ಡಾಗಿ ನೋಡ್ತೀನಿ. ನೀ ಹೊಸ್ತಿಲದಾಗ ಕಾವಲು ಕೂಡು. ಎಲ್ಲೂ ಸಪ್ಪಳಾಗದಂಗ ನೋಡಿಕೋ, ಸಾಕು."

ಹಗಲು ಎಂದೂ ಬೆನ್ನು ಚಾಚಿದವಳಲ್ಲ ಕಾಶವ್ವ. ಮರುದಿನ ಮಧ್ಯಾಹ್ನ ಅಡ್ಡಾದಳು. ಓಣಿಯ ಇಪ್ಪತ್ತು ಮಗ್ಗ ಖಟ್ ಖಟಕ್, ಖಟ್ ಖಟಕ್ ಅನ್ನುತ್ತಿದ್ದವು. ಕೇಳುತ್ತ ಕೇಳುತ್ತ ಅವಳ ರೆಪ್ಪೆ ಭಾರವಾಯಿತು, ಒಂದು ವರ್ಷದಲ್ಲಿ ಮೊದಲ ಸಲ.

ಹೊಸ್ತಿಲಲ್ಲಿ ಕಾವಲು ಕೂತಿದ್ದ ಮಳಿಯಪ್ಪನಿಗೂ ಆ ಸಪ್ಪಳ ಕೇಳಿಸಿತು. ಸಪ್ಪಳಾಗಬಾರದು ಅಂದಿದ್ದಾಳಲ್ಲ ಅವ್ವ? ಮನೆಯ ಹಾಲು, ಗಸಗಸೆ, ಜಾಜಿಕಾಯಿ ಎಲ್ಲ ಸುರಿದು ಕುದಿಸಿದ. ಬಿಳಿ ಕಿಟಲಿ ತುಂಬಿ ತುಂಬಿ ಮನೆ ಮನೆಗೆ ಒಯ್ದ. ಕಾಶವ್ವನ ಚಾ ಬೇಡ ಅನ್ನುವವರು ಆ ಓಣಿಯಲ್ಲಿ ಯಾರಿದ್ದರು? ಒಂದೊಂದೇ ಮಗ್ಗ ನಿಂತಿತು. ಕಡೆಯವನು ವಿರೂಪಣ್ಣ.

"ಇದು ಬಿಳಿ ಕಿಟಲಿ ಅಲ್ಲೇನೋ?"

"ಹೌದಣ್ಣ. ಅವ್ವಗ ನಿದ್ದಿ ಬರಬೇಕು. ನೀ ಕುಡಿ."

ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ವಿರೂಪಣ್ಣನಿಗೆ ತಿಳಿಯಲಿಲ್ಲ. ಕಾಶವ್ವನ ಸಲುವಾಗಿ ಅಂದಮೇಲೆ ಕುಡಿದ.

ಓಣಿ ಗಪ್ಪಾಯಿತು. ಕಾಶವ್ವ ದಿಗ್ಗನೆ ಎದ್ದು ಕೂತಳು. ಗಂಡನ ಮಗ್ಗ ನಿಂತ ದಿನವೂ ಹೀಗೇ ಗಪ್ಪಾಗಿತ್ತು.

"ಮಳಿಯಾ, ಸಪ್ಪಳ ಯಾಕಿಲ್ಲೋ? ಯಾರಿಗೆ ಏನಾತೋ?"

"ಏನೂ ಆಗಿಲ್ಲವ್ವ, ಎಲ್ಲಾರೂ ಮಲಗ್ಯಾರ. ನೀನ ಹೇಳಿದ್ಯಲ್ಲ."

"ಅಯ್ಯ ಪೆದ್ದ, ಆ ಸಪ್ಪಳಕ್ಕ ನನಗ ನಿದ್ದಿ ಹತ್ತಿತ್ತೋ. ನಲವತ್ತು ವರ್ಷ ರಾತ್ರಿ ಉಂಡ ಮ್ಯಾಲ ನಿಮ್ಮಪ್ಪ ಮಗ್ಗ ಬಡೀತಿದ್ದ, ಅದನ್ನ ಕೇಳಿಕೋತ ಮಲಗಿದಾಕಿ ನಾ." ಹೇಳಿದ ಮೇಲೆ ಅವಳಿಗೇ ತಿಳಿಯಿತು, ಒಂದು ವರ್ಷ ತಾನು ಯಾವುದಕ್ಕೆ ಕಾಯುತ್ತಿದ್ದೆ ಅಂತ.

ಮಳಿಯಪ್ಪ ಹೋಗಿ ಅಪ್ಪನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಮಗ್ಗದ ಮೇಲೆ ಹಾಸಿನ ಎಳೆಗಳಿರಲಿಲ್ಲ, ಲಾಳಿಯಲ್ಲಿ ನೂಲಿರಲಿಲ್ಲ. ಬರಿದೇ ತುಳಿದ, ಬರಿದೇ ಬಡಿಯುವ ಹಲಗೆ ಎಳೆದ. ಖಟ್ ಖಟಕ್. ವರ್ಷದ ಧೂಳು ಎದ್ದಿತು. ಕಾಶವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮತ್ತೆ ಮಲಗಿದಳು.

"ನನಗ ನಿದ್ದಿ ಬರೂತನಕ ಬಡಿಯಪ. ಬಂದ ಮ್ಯಾಲ ನಿಲ್ಲಸು."

ಬಡಿದ. ಕಾಶವ್ವನ ಉಸಿರು ಉದ್ದವಾಯಿತು, ಸಣ್ಣಗೆ ಗೊರಕೆ ಹತ್ತಿತು. ಆದರೆ ನಿದ್ದೆ ಬಂತೋ ಇಲ್ಲವೋ, ಕೇಳದೆ ತಿಳಿಯುವುದು ಹೇಗೆ? ಮಗ್ಗ ನಿಲ್ಲಿಸಿ ಎದ್ದು ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಅವ್ವಾ, ನಿದ್ದಿ ಬಂತೇನ?"

ಕಾಶವ್ವ ಕಣ್ಣು ತೆರೆಯಲಿಲ್ಲ. ಕೈ ತಡವರಿಸಿ ಮಗನ ಕೆನ್ನೆ ಹುಡುಕಿತು. "ಬಂತಪ. ಇನ್ನೊಂದೀಟು ಬಡಿ."

ಹೋಗಿ ಬಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೇಳಿದ. ದೀಪ ಹಚ್ಚುವ ಹೊತ್ತಿನ ತನಕ ಹನ್ನೊಂದು ಸಲ ಎಬ್ಬಿಸಿ ಕೇಳಿದ, ಹನ್ನೊಂದು ಸಲವೂ ಅವಳು "ಬಂತಪ" ಅಂದಳು. ಒಂದು ಸಲವೂ ಸುಳ್ಳು ಹೇಳಲಿಲ್ಲ.